ಕನ್ನಡದ ಕಣ್ವ ಬಿ.ಎಂ.ಶ್ರೀ.

ಈ ಸಲದ ಗೋಡೆ ಪತ್ರಿಕೆಯಲ್ಲಿ ಮಹನೀಯರ ಪರಿಚಯ ಬರೆಯುವ ಪಾಳಿ ನನ್ನದು. ಗ್ರೀಕರು ಮತ್ತು ರೋಮನ್ನರ ಪಾಠ ಸಮಾಜ ವಿಜ್ಞಾನದಲ್ಲಿ ಈಗಷ್ಟೇ ಮುಗಿದಿದೆ. ಅದಕ್ಕೆ ಸಂಬಂಧಪಟ್ಟ ಒಬ್ಬ ದೊಡ್ಡವರ ಜೀವನ ಬರೆಯಬೇಕು ಅಂತ ಗುರುಗಳು ಹೇಳಿದರು. ನಾನು ಮೊದಲು ಅಲೆಕ್ಸಾಂಡರ್ ಇಲ್ಲವೇ ಜೂಲಿಯಸ್ ಸೀಸರ್ ಬಗ್ಗೆ ಬರೆಯೋಣ ಅಂದುಕೊಂಡಿದ್ದೆ. ಆದರೆ ಹುಡುಕುತ್ತಾ ಹೋದಾಗ ಗೊತ್ತಾದದ್ದು ಏನಂದ್ರ, ಗ್ರೀಕರ ನಾಟಕವನ್ನು ಕನ್ನಡದ ಮನೆಯೊಳಗೆ ಕರೆತಂದ ಮಹನೀಯರು ನಮ್ಮವರೇ ಒಬ್ಬರಿದ್ದಾರೆ. ಅಷ್ಟೇ ಅಲ್ಲ, ಅವರು ನಮ್ಮ ಕಲಬುರಗಿಗೂ ಬಂದಿದ್ದರು. ಅವರೇ ಬಿ.ಎಂ. ಶ್ರೀಕಂಠಯ್ಯನವರು. ಎಲ್ಲರೂ ಪ್ರೀತಿಯಿಂದ ಕರೆಯುವುದು ಬಿ.ಎಂ.ಶ್ರೀ. ಅಂತ. ಕಣ್ವ ಋಷಿ ಶಕುಂತಲೆಯನ್ನು ಸಾಕಿ ಬೆಳೆಸಿದ ಹಾಗೆ ಹೊಸಗನ್ನಡವನ್ನು ಸಾಕಿ ಬೆಳೆಸಿದ್ದಕ್ಕೆ ಅವರಿಗೆ ಕನ್ನಡದ ಕಣ್ವ ಎಂಬ ಹೆಸರು ಬಂತು.

ಹುಟ್ಟು ಮತ್ತು ವಿದ್ಯಾಭ್ಯಾಸ

ಬೆಳ್ಳೂರು ಮೈಲಾರಯ್ಯ ಶ್ರೀಕಂಠಯ್ಯನವರು 1884ನೇ ಇಸವಿ ಜನವರಿ 3ರಂದು ತುಮಕೂರು ಜಿಲ್ಲೆಯ ಸಂಪಿಗೆ ಎಂಬ ಹಳ್ಳಿಯಲ್ಲಿ, ತಾಯಿಯ ತವರುಮನೆಯಲ್ಲಿ ಹುಟ್ಟಿದರು. ಬೆಳ್ಳೂರು ಅವರ ಮನೆತನದ ಊರು. ತಂದೆ ಮೈಲಾರಯ್ಯನವರು ಶ್ರೀರಂಗಪಟ್ಟಣದಲ್ಲಿ ವಕೀಲರು. ತಾಯಿ ಭಾಗೀರಥಮ್ಮನವರು. ಬಾಲಕನ ಮೊದಲ ಓದು ಶ್ರೀರಂಗಪಟ್ಟಣದಲ್ಲೇ ಆಯಿತು. ಆಮೇಲೆ ಮೈಸೂರು, ಬೆಂಗಳೂರಿನ ಸೆಂಟ್ರಲ್ ಕಾಲೇಜು, ಕೊನೆಗೆ ಮದ್ರಾಸು. ಅಲ್ಲಿ ಕಾನೂನನ್ನೂ ಓದಿದರು, ಎಂ.ಎ. ಪದವಿಯನ್ನೂ ಪಡೆದರು. ಮನಸ್ಸು ಮಾಡಿದ್ದರೆ ತಂದೆಯ ಹಾಗೆ ಕೋರ್ಟಿಗೆ ಹೋಗಬಹುದಿತ್ತು. ಅವರು ಹೋದದ್ದು ಪಾಠಶಾಲೆಯ ಕಡೆಗೆ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವ ಅಧ್ಯಾಪಕರಾದರು.

ಇಲ್ಲಿ ಒಂದು ಮಾತು ನೆನಪಿಡಬೇಕು. ಆ ಕಾಲದಲ್ಲಿ ಇಂಗ್ಲಿಷ್ ಬಂದರೆ ನೌಕರಿ, ಮಾನ, ಮರ್ಯಾದೆ ಎಲ್ಲಾ ಬರುತ್ತಿತ್ತು. ಓದಿದವರು ಮನೆಯಲ್ಲಿ ಮಾತ್ರ ಕನ್ನಡ ಆಡುವುದು, ಸಭೆಯಲ್ಲಿ ಇಂಗ್ಲಿಷ್ ಮಾತಾಡುವುದು ರೂಢಿ. ಅಂಥ ಕಾಲದಲ್ಲಿ ಇಂಗ್ಲಿಷ್ ಪ್ರೊಫೆಸರರೇ ಕನ್ನಡದ ಪರವಾಗಿ ಎದ್ದು ನಿಂತರೆ ಜನ ತಿರುಗಿ ನೋಡದೆ ಇರುತ್ತಾರೆಯೇ?

ಧಾರವಾಡದ ಭಾಷಣ

1911ರಲ್ಲಿ ಶ್ರೀಯವರು ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಒಂದು ಭಾಷಣ ಮಾಡಿದರು. ಆಗ ಅವರಿಗೆ ಬರೀ 27 ವರ್ಷ. ಕನ್ನಡ ಮಾತು ತಲೆಯೆತ್ತುವ ಬಗೆ ಎಂಬುದು ಆ ಭಾಷಣದ ಹೆಸರು. ಹೆಸರಿನಲ್ಲೇ ಕಾಣುತ್ತದೆ, ಅವರ ಕಣ್ಣಿಗೆ ಕನ್ನಡ ತಲೆ ತಗ್ಗಿಸಿ ನಿಂತಿತ್ತು. ಅದು ತಲೆ ಎತ್ತಬೇಕಾದರೆ ಏನು ಮಾಡಬೇಕು ಎಂಬ ಚಿಂತೆ ಅವರನ್ನು ಸಾಯುವ ತನಕ ಬಿಡಲಿಲ್ಲ. ಅವರಿಗೆ ಮೂರು ದಾರಿ ಕಂಡವು ಅಂತ ನನಗೆ ಅನ್ನಿಸುತ್ತದೆ. ಹಳಗನ್ನಡದ ಪಂಪ, ರನ್ನರನ್ನು ಮರೆಯಬಾರದು. ಸಂಸ್ಕೃತವನ್ನು ಬಿಡಬಾರದು. ಹೊರಗಿನ ದೇಶದಿಂದ ಒಳ್ಳೆಯದು ಬಂದರೆ ಬಾಗಿಲು ಹಾಕಿಕೊಳ್ಳಬಾರದು. ಈ ಮೂರನ್ನೂ ಅವರು ಬರೀ ಬಾಯಿಂದ ಹೇಳದೆ ಕೈಯಿಂದ ಮಾಡಿ ತೋರಿಸಿದರು.

ಇಂಗ್ಲಿಷ್ ಗೀತಗಳು

1926ರಲ್ಲಿ ಅವರ ಇಂಗ್ಲಿಷ್ ಗೀತಗಳು ಎಂಬ ಪುಸ್ತಕ ಬಂತು. ವರ್ಡ್ಸ್‌ವರ್ತ್, ಶೆಲ್ಲಿ, ಬರ್ನ್ಸ್ ಮೊದಲಾದ ಕವಿಗಳ ಪದ್ಯಗಳನ್ನು ಅವರು ಕನ್ನಡಕ್ಕೆ ತಂದರು. ಅಲ್ಲಿಯವರೆಗೆ ಕನ್ನಡ ಪದ್ಯದಲ್ಲಿ ಪ್ರತಿ ಸಾಲಿನ ಎರಡನೆಯ ಅಕ್ಷರ ಒಂದೇ ಇರಬೇಕು ಎಂಬ ಕಟ್ಟುನಿಟ್ಟು ಇತ್ತು. ಅದಕ್ಕೆ ಆದಿಪ್ರಾಸ ಅನ್ನುತ್ತಾರೆ. ಶ್ರೀಯವರು ಆ ಕಟ್ಟನ್ನು ಸಡಿಲ ಮಾಡಿದರು. ಹೊಸ ಹೊಸ ಧಾಟಿಗಳನ್ನು ಮಾಡಿಕೊಟ್ಟರು. ಕುವೆಂಪು ಮುಂತಾದ ಎಷ್ಟೋ ಕವಿಗಳು ಆ ದಾರಿಯಲ್ಲಿ ನಡೆದು ಬೆಳೆದರು. ಇವತ್ತು ನಾವು ಪಠ್ಯಪುಸ್ತಕದಲ್ಲಿ ಓದುವ ಹೊಸ ಪದ್ಯಗಳಿಗೆ ಈ ಪುಸ್ತಕವೇ ಬುನಾದಿ ಅಂದರೂ ತಪ್ಪಿಲ್ಲ.

ಕತ್ತಲೆಯಲ್ಲಿ ಕೈ ಹಿಡಿದು ನಡೆಸು ಎಂದು ಬೆಳಕನ್ನು ಬೇಡುವ ಪ್ರಾರ್ಥನೆಯನ್ನು ಎಷ್ಟೋ ಶಾಲೆಗಳಲ್ಲಿ ಹಾಡುತ್ತಾರೆ. ಅದೂ ಇದೇ ಪುಸ್ತಕದ್ದು. ಅದರ ಮೂಲ ಬರೆದವರು ಇಂಗ್ಲೆಂಡಿನ ನ್ಯೂಮನ್ ಎಂಬ ಪಾದ್ರಿಗಳು. 1833ರಲ್ಲಿ ಅವರು ರೋಮ್ ನೋಡಲು ಹೋಗಿ, ಸಿಸಿಲಿಯಲ್ಲಿ ಜ್ವರ ಬಂದು ಸಾಯುವ ಹಾಗಾಗಿ, ಗುಣವಾದ ಮೇಲೆ ಊರಿಗೆ ಮರಳುವಾಗ ಹಡಗಿನಲ್ಲಿ ಕುಳಿತು ಅದನ್ನು ಬರೆದರು. ಎಲ್ಲಿಯ ಸಮುದ್ರ, ಎಲ್ಲಿಯ ನಮ್ಮ ಹಳ್ಳಿ ಶಾಲೆಗಳ ಅಂಗಳ! ನಡುವೆ ಸೇತುವೆ ಕಟ್ಟಿದವರು ಶ್ರೀ.

ಗ್ರೀಕರ ನಾಟಕ ಅಂದ್ರ ಏನು?

ಈಗ ಮುಖ್ಯ ವಿಷಯಕ್ಕೆ ಬರೋಣ. ಕ್ರಿಸ್ತಪೂರ್ವ 5ನೇ ಶತಮಾನದಲ್ಲಿ ಅಥೆನ್ಸ್ ನಗರದಲ್ಲಿ ಡಯೋನಿಸಸ್ ಎಂಬ ದೇವರ ಜಾತ್ರೆ ನಡೆಯುತ್ತಿತ್ತು. ನಮ್ಮ ಕಡೆ ಜಾತ್ರೆಯಲ್ಲಿ ದೊಡ್ಡಾಟ ಆಡಿಸುವ ಹಾಗೆ ಅಲ್ಲಿ ನಾಟಕ ಆಡಿಸುತ್ತಿದ್ದರು. ಕವಿಗಳ ನಡುವೆ ಪೈಪೋಟಿ, ಗೆದ್ದವರಿಗೆ ಬಹುಮಾನ. ಗುಡ್ಡದ ಇಳಿಜಾರಿನಲ್ಲಿ ಜನ ಕೂಡುವ ಜಾಗ. ಮುಂದೆ ಅಲ್ಲೇ ಕಲ್ಲಿನ ಮೆಟ್ಟಿಲು ಕಟ್ಟಿದರು. ಶಹಾಬಾದದ ಹಾಸುಗಲ್ಲನ್ನು ಗುಡ್ಡದ ಮೈಗೆ ಅರ್ಧ ವೃತ್ತವಾಗಿ ಸಾಲುಸಾಲು ಹಾಸಿದರೆ ಹೇಗಿರುತ್ತದೋ ಹಾಗೆ ಅಂತ ತಿಳಿದುಕೊಳ್ಳಿರಿ. ಸಾವಿರಾರು ಜನ ಕುಳಿತು ನೋಡುತ್ತಿದ್ದರು. ಪಾತ್ರಧಾರಿಗಳೆಲ್ಲ ಗಂಡಸರೇ. ಮುಖಕ್ಕೆ ಮುಖವಾಡ. ನಮ್ಮ ಹಿಮ್ಮೇಳದ ಹಾಗೆ ಅವರಿಗೂ ಒಂದು ಮೇಳ ಇರುತ್ತಿತ್ತು. ಅದು ಹಾಡುತ್ತಿತ್ತು, ಕುಣಿಯುತ್ತಿತ್ತು, ನಾಯಕನಿಗೆ ಬುದ್ಧಿಯನ್ನೂ ಹೇಳುತ್ತಿತ್ತು.

ಅವರ ಗಂಭೀರ ನಾಟಕಗಳಲ್ಲಿ ದೊಡ್ಡ ಮನುಷ್ಯನೊಬ್ಬ ತನ್ನ ಹಟದಿಂದ ಅಥವಾ ಅಹಂಕಾರದಿಂದ ಕೆಳಗೆ ಬೀಳುತ್ತಾನೆ. ಅವನು ಕೆಟ್ಟವನಲ್ಲ. ಆದರೆ ಯಾವುದೋ ಒಂದು ಅತಿಯಾಗಿರುತ್ತದೆ. ಗ್ರೀಸಿನ ಡೆಲ್ಫಿ ಎಂಬ ಪುಣ್ಯಕ್ಷೇತ್ರದ ಗುಡಿಯಲ್ಲಿ, ಯಾವುದೂ ಅತಿಯಾಗಬಾರದು ಎಂಬ ಅರ್ಥದ ನುಡಿಯನ್ನು ಕೆತ್ತಿದ್ದರಂತೆ. ನಮ್ಮ ಅಜ್ಜಿಯರು ಅತಿಯಾದರೆ ಅಮೃತವೂ ವಿಷ ಅನ್ನುವುದು ಇದನ್ನೇ ಅಲ್ಲವೇ? ಸಂಸ್ಕೃತದಲ್ಲಿ ನಾಟಕ ಸುಖವಾಗಿ ಮುಗಿಯಬೇಕು ಎಂಬ ಪದ್ಧತಿ. ದುಃಖದಲ್ಲಿ ಮುಗಿಯುವ ಈ ಬಗೆಯ ನಾಟಕವನ್ನು ಶ್ರೀಯವರು ರುದ್ರನಾಟಕ ಎಂದು ಕರೆದರು.

ಮೂರು ನಾಟಕಗಳು

ಮೊದಲನೆಯದು 1926ರ ಗದಾಯುದ್ಧ ನಾಟಕಂ. ಇದರ ಕಥೆ ಗ್ರೀಕರದ್ದಲ್ಲ, ನಮ್ಮ ರನ್ನನ ಗದಾಯುದ್ಧದ್ದು. ರನ್ನನಿಗೆ ಆಶ್ರಯ ಕೊಟ್ಟ ಚಾಲುಕ್ಯ ತೈಲಪ 973ರಲ್ಲಿ ರಾಷ್ಟ್ರಕೂಟರನ್ನು ಸೋಲಿಸಿದವನು. ಆ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ ಅಂದ್ರ ನಮ್ಮ ಸೇಡಂ ತಾಲೂಕಿನ ಮಳಖೇಡ, ಕಾಗಿಣಾ ನದಿಯ ದಂಡೆಯ ಊರು. ಬಸ್ಸಿನಲ್ಲಿ ಹೋಗುವಾಗ ಕೋಟೆ ನೋಡಿ ಸುಮ್ಮನಾಗುತ್ತೇವೆ. ಆದರೆ ಕನ್ನಡ ಕಾವ್ಯಕ್ಕೆ ಅದು ಎಂಥ ಜಾಗ! ಶ್ರೀಯವರು ರನ್ನನ ಕಾವ್ಯದ ಮಾತುಗಳನ್ನೇ ಜೋಡಿಸಿ ಗ್ರೀಕ್ ಪದ್ಧತಿಯ ನಾಟಕ ಮಾಡಿದರು. ಅದರಲ್ಲಿ ದುರ್ಯೋಧನ ಬರೀ ದುಷ್ಟನಲ್ಲ, ಛಲಕ್ಕಾಗಿ ಎಲ್ಲಾ ಕಳೆದುಕೊಂಡ ದೊಡ್ಡ ವೀರ. ನೋಡಿದವರಿಗೆ ಅವನ ಮೇಲೆ ಕನಿಕರ ಹುಟ್ಟುತ್ತದೆ.

ಎರಡನೆಯದು 1929ರ ಅಶ್ವತ್ಥಾಮನ್. ಇದಕ್ಕೆ ಸೊಫೊಕ್ಲಿಸ್ ಎಂಬ ಕವಿಯ ಅಜಾಕ್ಸ್ ನಾಟಕ ಆಧಾರ. ಸೊಫೊಕ್ಲಿಸ್ ನೂರಕ್ಕಿಂತ ಹೆಚ್ಚು ನಾಟಕ ಬರೆದಿದ್ದರೂ ಪೂರ್ತಿ ಉಳಿದದ್ದು ಏಳೇ ಏಳು. ಅಜಾಕ್ಸ್ ಟ್ರಾಯ್ ಯುದ್ಧದ ಮಹಾವೀರ. ಸತ್ತ ಅಕಿಲೀಸನ ಆಯುಧಗಳು ತನಗೆ ಸಿಗಬೇಕೆಂದು ಆಸೆಪಡುತ್ತಾನೆ. ಅವು ಒಡಿಸ್ಯೂಸ್‌ಗೆ ಹೋಗುತ್ತವೆ. ಸಿಟ್ಟಿನಿಂದ ತನ್ನವರನ್ನೇ ಕೊಲ್ಲಲು ಹೊರಟವನಿಗೆ ಅಥೀನಾ ದೇವತೆ ಭ್ರಮೆ ಹಿಡಿಸುತ್ತಾಳೆ. ಶತ್ರುಗಳೆಂದು ತಿಳಿದು ಅವನು ಕೊಲ್ಲುವುದು ದನ ಕುರಿಗಳನ್ನು. ಭ್ರಮೆ ಇಳಿದಾಗ ನಾಚಿಕೆ ತಾಳದೆ ಕತ್ತಿಯ ಮೇಲೆ ಬಿದ್ದು ಸಾಯುತ್ತಾನೆ. ಅವನ ಹೆಣ ಹೂಳಲೂ ಬಿಡದ ಸೇನಾಪತಿಗಳಿಗೆ ಬುದ್ಧಿ ಹೇಳುವವನು ಅದೇ ಒಡಿಸ್ಯೂಸ್, ಅಂದ್ರ ಅವನ ವೈರಿ. ಈ ಚೌಕಟ್ಟಿನೊಳಗೆ ಶ್ರೀಯವರು ಮಹಾಭಾರತದ ಅಶ್ವತ್ಥಾಮನನ್ನು ನಿಲ್ಲಿಸಿದರು. ನಮ್ಮ ನಂಬಿಕೆಯಲ್ಲಿ ಅಶ್ವತ್ಥಾಮ ಚಿರಂಜೀವಿ. ನಾಟಕದಲ್ಲಿ ಅವನು ಸಾಯುತ್ತಾನೆ. ಚಿರಂಜೀವಿಯನ್ನು ಸಾಯಿಸಬಹುದೇ ಎಂದು ಆಗ ಚರ್ಚೆಯೇ ನಡೆಯಿತು. ಶ್ರೀಯವರು ಪುರಾಣವನ್ನು ಹಗುರ ಮಾಡಿದರು ಅಂತ ನನಗೆ ಅನ್ನಿಸುವುದಿಲ್ಲ. ಮಲಗಿದ್ದ ಮಕ್ಕಳನ್ನು ರಾತ್ರಿಯಲ್ಲಿ ಕೊಂದವನಿಗೆ ಎಂದೂ ಸಾಯದೆ ಇರುವುದು ದೊಡ್ಡ ಶಿಕ್ಷೆಯೋ, ನಾಚಿ ಸಾಯುವುದು ದೊಡ್ಡ ಶಿಕ್ಷೆಯೋ? ನೀವೂ ಯೋಚನೆ ಮಾಡಿರಿ.

ಮೂರನೆಯದು 1935ರ ಪಾರಸಿಕರು. ಇದು ಈಸ್ಕಿಲಸ್ ಎಂಬ ಕವಿಯ ನಾಟಕದ ಅನುವಾದ. ಪೂರ್ತಿಯಾಗಿ ಉಳಿದಿರುವ ಗ್ರೀಕ್ ನಾಟಕಗಳಲ್ಲಿ ಇದೇ ಎಲ್ಲಕ್ಕಿಂತ ಹಳೆಯದು ಅಂತ ವಿದ್ವಾಂಸರು ಹೇಳುತ್ತಾರೆ. ಕ್ರಿಸ್ತಪೂರ್ವ 480ರಲ್ಲಿ ಪರ್ಷಿಯಾದ ದೊರೆ ಕ್ಸರ್ಕ್ಸೀಸ್ ದೊಡ್ಡ ದಂಡು ಕಟ್ಟಿಕೊಂಡು ಗ್ರೀಸಿನ ಮೇಲೆ ಬಂದು ಸಲಾಮಿಸ್ ಹತ್ತಿರ ಸಮುದ್ರದಲ್ಲಿ ಸೋತುಹೋದ. ಎಂಟು ವರ್ಷದ ಮೇಲೆ, ಕ್ರಿಸ್ತಪೂರ್ವ 472ರಲ್ಲಿ, ಈಸ್ಕಿಲಸ್ ಅದನ್ನೇ ನಾಟಕ ಮಾಡಿದ. ಅವನು ಮ್ಯಾರಥಾನ್ ಯುದ್ಧದಲ್ಲಿ ಪರ್ಷಿಯನ್ನರ ವಿರುದ್ಧ ಸ್ವತಃ ಕಾದಾಡಿದವನು. ಗೆದ್ದ ಕಡೆಯವನು ಗೆಲುವಿನ ಡಂಗುರ ಹೊಡೆಯಬಹುದಿತ್ತು. ಆದರೆ ನಾಟಕ ನಡೆಯುವುದು ಸೋತವರ ಅರಮನೆಯ ಮುಂದೆ. ಮಗನ ಸುದ್ದಿಗಾಗಿ ಕಾಯುವ ತಾಯಿ ಇದ್ದಾಳೆ. ದೂತ ಬಂದು ಸತ್ತವರ ಹೆಸರು ಒಂದೊಂದಾಗಿ ಹೇಳುತ್ತಾನೆ. ಸತ್ತ ರಾಜ ಡೇರಿಯಸ್‌ನ ಆತ್ಮ ಎದ್ದು ಬಂದು ಅಹಂಕಾರದ ಫಲ ಇದು ಎಂದು ತಿಳಿಸುತ್ತದೆ. ಕಡೆಗೆ ಹರಿದ ಬಟ್ಟೆಯಲ್ಲಿ ಮಗ ಮನೆಗೆ ಬರುತ್ತಾನೆ. ವೈರಿಯ ತಾಯಿಯೂ ತಾಯಿಯೇ ಎಂಬುದನ್ನು ಗೆದ್ದವರ ಊರಿನಲ್ಲೇ, ಗೆದ್ದವರ ಮುಂದೆಯೇ ಆಡಿ ತೋರಿಸಿದರು. ಇಷ್ಟು ದೊಡ್ಡ ಮನಸ್ಸಿನ ನಾಟಕವನ್ನು ನಾವು ನಮ್ಮ ಮಾತಿನಲ್ಲೇ ಓದುವಂತೆ ಮಾಡಿದವರು ಶ್ರೀ.

ಕಲಬುರಗಿಗೆ ಬಂದ ಶ್ರೀ

1928ರಲ್ಲಿ ಕಲಬುರಗಿಯಲ್ಲಿ 14ನೆಯ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಅದರ ಅಧ್ಯಕ್ಷರು ಬಿ.ಎಂ.ಶ್ರೀ. ಆಗ ನಮ್ಮ ಭಾಗವೆಲ್ಲ ಹೈದರಾಬಾದ್ ನಿಜಾಮರ ಆಳ್ವಿಕೆಯಲ್ಲಿ ಇತ್ತು. ಕಚೇರಿಯ ಭಾಷೆ ಉರ್ದು. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲೂ ಪಾಠ ಉರ್ದುವಿನಲ್ಲೇ. ಮನೆಯಲ್ಲಿ ಕನ್ನಡ ಆಡುವ ಮಕ್ಕಳಿಗೆ ಕನ್ನಡ ಶಾಲೆ ಸಿಗುವುದೇ ಕಷ್ಟ. ಉರ್ದುವೂ ಚಂದದ ಭಾಷೆ, ನಮ್ಮ ಊರಲ್ಲಿ ಎಷ್ಟೋ ಮನೆಗಳ ಮಾತು. ಅದರ ಮೇಲೆ ಸಿಟ್ಟಿಲ್ಲ. ಆದರೆ ತನ್ನ ಮಾತಿನಲ್ಲಿ ಕಲಿಯಲು ಸಿಗದ ಮಗುವಿನ ಸಂಕಟ ಬೇರೆ. ಅಂಥ ಊರಿಗೆ ಮೈಸೂರಿನ ಪ್ರೊಫೆಸರರು ಬಂದು ಕನ್ನಡದ ಸಭೆಗೆ ಅಧ್ಯಕ್ಷರಾಗಿ ಕುಳಿತದ್ದು ಇಲ್ಲಿಯ ಜನಕ್ಕೆ ಎಷ್ಟು ಧೈರ್ಯ ಕೊಟ್ಟಿರಬೇಕು! ಮುಂದೆ 1949, 1987 ಮತ್ತು 2020ರಲ್ಲಿಯೂ ಕಲಬುರಗಿಯಲ್ಲಿ ಸಮ್ಮೇಳನ ನಡೆದವು. ಮೊದಲ ದೀಪ ಹಚ್ಚಿದ್ದು ಮಾತ್ರ 1928ರಲ್ಲಿ.

ಲ್ಯಾಟಿನ್ ನಮಗೆ ಕಲಿಸುವ ಪಾಠ

ಇಲ್ಲಿ ನನ್ನದೊಂದು ಮಾತು ಹೇಳುತ್ತೇನೆ. ಇಂಗ್ಲಿಷ್ ಪರೀಕ್ಷೆ ಅಂದ್ರ ನನಗೆ ಜ್ವರ ಬರುತ್ತಿತ್ತು. ಇಂಗ್ಲಿಷ್ ದೊಡ್ಡವರ ಭಾಷೆ, ನಮ್ಮದು ಬಡವರ ಭಾಷೆ ಎಂದೇ ತಿಳಿದಿದ್ದೆ. ಈ ಲೇಖನಕ್ಕಾಗಿ ಓದುವಾಗ ಒಂದು ಸಂಗತಿ ತಿಳಿದು ಧೈರ್ಯ ಬಂತು. ಇಂಗ್ಲಿಷ್ ಕೂಡ ಒಂದು ಕಾಲದಲ್ಲಿ ನಮ್ಮ ಹಾಗೆಯೇ ತಲೆ ತಗ್ಗಿಸಿ ನಿಂತಿತ್ತು. ಇಂಗ್ಲೆಂಡಿನಲ್ಲಿ ಪಂಡಿತರ ಭಾಷೆ ಲ್ಯಾಟಿನ್ ಆಗಿತ್ತು. ನ್ಯೂಟನ್ ತನ್ನ ದೊಡ್ಡ ಗ್ರಂಥವನ್ನು 1687ರಲ್ಲಿ ಪ್ರಕಟಿಸಿದ್ದು ಲ್ಯಾಟಿನ್‌ನಲ್ಲಿ. ಹಾಗಾದರೆ ಲ್ಯಾಟಿನ್ ಮೊದಲಿನಿಂದಲೂ ದೊಡ್ಡದಾಗಿತ್ತೋ? ಅದೂ ಇಲ್ಲ. ರೋಮನ್ನರು ಗ್ರೀಕರ ಶಿಷ್ಯರು. ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ ಲಿವಿಯಸ್ ಆಂಡ್ರೊನಿಕಸ್ ಎಂಬ ಕವಿ ಗ್ರೀಕರ ಒಡಿಸ್ಸಿ ಕಾವ್ಯವನ್ನು ಲ್ಯಾಟಿನ್‌ಗೆ ತಂದ, ಗ್ರೀಕ್ ನಾಟಕಗಳನ್ನೂ ರೋಮಿನಲ್ಲಿ ಆಡಿಸಿದ. ಅವನನ್ನು ರೋಮನ್ನರ ಬಿ.ಎಂ.ಶ್ರೀ. ಅನ್ನಬಹುದು. ಲ್ಯಾಟಿನ್ ಗ್ರೀಕಿನಿಂದ ಕಲಿಯಿತು, ಇಂಗ್ಲಿಷ್ ಲ್ಯಾಟಿನ್‌ನಿಂದ ಕಲಿಯಿತು, ಕನ್ನಡ ಇಂಗ್ಲಿಷ್‌ನಿಂದ ಕಲಿತರೆ ಅದರಲ್ಲಿ ಅವಮಾನ ಏನಿದೆ? ಕಲಿತು ತನ್ನದನ್ನು ಮರೆತರೆ ಮಾತ್ರ ಅವಮಾನ.

ನಾವು ದಿನಾ ಆಡುವ ಮಾತುಗಳಲ್ಲೇ ಗ್ರೀಕರೂ ರೋಮನ್ನರೂ ಅಡಗಿ ಕುಳಿತಿದ್ದಾರೆ. ಕೆಲವನ್ನು ಕೆಳಗೆ ಕೊಟ್ಟಿದ್ದೇನೆ.

ಸ್ಕೂಲ್: ಗ್ರೀಕಿನ ಸ್ಕೊಲೆ ಅಂದ್ರ ಬಿಡುವು. ಬಿಡುವಿದ್ದಾಗ ಕಲಿಯುವುದೇ ಶಾಲೆ ಆಯಿತು. (ಇದನ್ನು ಕೇಳಿ ಯಾರೂ ಶಾಲೆಗೆ ಬಿಡುವು ಕೇಳಬೇಡಿರಿ!)

ಪೆನ್ನು: ಲ್ಯಾಟಿನ್‌ನ ಪೆನ್ನ, ಹಕ್ಕಿಯ ಗರಿ. ಮೊದಲು ಗರಿಯಿಂದಲೇ ಬರೆಯುತ್ತಿದ್ದರು.

ಪೇಪರ್: ಪಪೈರಸ್ ಎಂಬ ಈಜಿಪ್ಟಿನ ಜೊಂಡು ಗಿಡದ ಹೆಸರಿನಿಂದ.

ಚಾಕ್ ಮತ್ತು ಕ್ಯಾಲ್ಸಿಯಂ: ಲ್ಯಾಟಿನ್‌ನ ಕಾಲ್ಕ್ಸ್, ಸುಣ್ಣ. ಸುಣ್ಣದ ಕಲ್ಲಿನ ನಾಡಾದ ನಮಗೆ ಇದು ನೆನಪಿರಲೇಬೇಕು.

ಸಿಮೆಂಟ್: ಲ್ಯಾಟಿನ್‌ನ ಕಾಯ್ಮೆಂಟುಂ, ಒಡೆದ ಕಲ್ಲಿನ ಚೂರು. ವಾಡಿಯ ಕಾರ್ಖಾನೆಯ ಚೀಲದ ಮೇಲಿರುವ ಪದ ರೋಮಿನಿಂದ ಹೊರಟದ್ದು. ರೋಮನ್ನರು ಸುಣ್ಣಕ್ಕೆ ಜ್ವಾಲಾಮುಖಿಯ ಬೂದಿ ಬೆರೆಸಿ ಕಟ್ಟಿದ ಕಟ್ಟಡಗಳು ಇನ್ನೂ ನಿಂತಿವೆ.

ಕೇಂದ್ರ: ಇದು ಅಪ್ಪಟ ಸಂಸ್ಕೃತ ಅಂದುಕೊಂಡಿದ್ದೆ. ಇದೂ ಗ್ರೀಕಿನ ಕೆಂಟ್ರೊನ್ ಎಂಬುದರಿಂದ ಬಂದದ್ದು. ಎರಡು ಸಾವಿರ ವರ್ಷದ ಹಿಂದೆಯೇ ಕೊಡು ತಗೊಳ್ಳುವುದು ನಡೆದಿತ್ತು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮಿನ ಬೆಳ್ಳಿ ನಾಣ್ಯಗಳು ಸಿಕ್ಕಿವೆ.

ಕೊನೆಯ ದಿನಗಳು

ಶ್ರೀಯವರು ಮೈಸೂರು ವಿಶ್ವವಿದ್ಯಾಲಯದ ರಿಜಿಸ್ಟ್ರಾರರಾಗಿಯೂ ದುಡಿದರು. 1927ರಲ್ಲಿ ಅಲ್ಲಿ ಕನ್ನಡ ಎಂ.ಎ. ಪಾಠ ಶುರುವಾಯಿತು. ಅದರ ಹಿಂದೆ ಅವರ ಶ್ರಮ ಬಹಳ ಇತ್ತು. ಇಂಗ್ಲಿಷ್ ಪ್ರೊಫೆಸರರು ಕನ್ನಡಕ್ಕೆ ದೊಡ್ಡ ತರಗತಿಯ ಬಾಗಿಲು ತೆರೆಸಿದ್ದು ವಿಶೇಷ. 1938ರಲ್ಲಿ ಮೈಸೂರು ಅರಸರು ರಾಜಸೇವಾಸಕ್ತ ಎಂಬ ಬಿರುದು ಕೊಟ್ಟರು. ಕನ್ನಡ ಸಾಹಿತ್ಯ ಪರಿಷತ್ತಿನ ಉಪಾಧ್ಯಕ್ಷರಾಗಿ ಊರೂರು ತಿರುಗಿದರು. 1941ರಲ್ಲಿ ಶಿಷ್ಯರೂ ಅಭಿಮಾನಿಗಳೂ ಸೇರಿ ಸಂಭಾವನೆ ಎಂಬ ಗ್ರಂಥವನ್ನು ಅರ್ಪಿಸಿದರು. ಅದು ಗುರುದಕ್ಷಿಣೆ ಇದ್ದ ಹಾಗೆ.

ನಿವೃತ್ತಿಯಾದ ಮೇಲೆ ಆರಾಮಾಗಿ ಕೂಡಬಹುದಿತ್ತು. ಆದರೆ 1944ರಲ್ಲಿ ಧಾರವಾಡದಲ್ಲಿ ಹೊಸ ಕಾಲೇಜು ಶುರುವಾದಾಗ ಅದರ ಪ್ರಿನ್ಸಿಪಾಲರಾಗಲು ಒಪ್ಪಿ ಅಲ್ಲಿಗೆ ಹೋದರು. 27ನೇ ವಯಸ್ಸಿನಲ್ಲಿ ಕನ್ನಡದ ತಲೆ ಎತ್ತಿಸುವ ಮಾತಾಡಿದ ಅದೇ ಊರಿನಲ್ಲಿ, 1946ನೇ ಇಸವಿ ಜನವರಿ 5ರಂದು ಕಣ್ಣು ಮುಚ್ಚಿದರು. 62 ತುಂಬಿ ಎರಡೇ ದಿನವಾಗಿತ್ತು. ನಮ್ಮ ಭಾಗಕ್ಕೆ 1948ರ ಸೆಪ್ಟೆಂಬರ್ 17ರಂದು ಬಿಡುಗಡೆ ಆದದ್ದನ್ನೂ 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾದದ್ದನ್ನೂ ಅವರು ನೋಡಲಿಲ್ಲ. ಗಿಡ ನೆಟ್ಟವರು ಹಣ್ಣು ತಿನ್ನಲಿಲ್ಲ. ತಿನ್ನುತ್ತಿರುವವರು ನಾವು.

ಜನವರಿ ಎಂಬ ಹೆಸರು ರೋಮನ್ನರ ಜೇನಸ್ ದೇವರಿಂದ ಬಂದದ್ದು. ಅವನು ಬಾಗಿಲ ದೇವರು. ಅವನಿಗೆ ಎರಡು ಮುಖ, ಒಂದು ಹಿಂದೆ ನೋಡುತ್ತದೆ, ಒಂದು ಮುಂದೆ ನೋಡುತ್ತದೆ. ಶ್ರೀಯವರು ಹುಟ್ಟಿದ್ದೂ ತೀರಿಕೊಂಡದ್ದೂ ಜನವರಿಯಲ್ಲಿ. ಅವರೂ ಹಿಂದೆ ರನ್ನನನ್ನು ನೋಡಿದರು, ಮುಂದೆ ನಮ್ಮನ್ನು ನೋಡಿದರು, ಬಾಗಿಲು ತೆರೆದಿಟ್ಟು ಹೋದರು.

ಗೆಳೆಯರೇ, ನಮ್ಮ ಕಡೆಯ ಮಾತು ಕೇಳಿ ಬೇರೆ ಊರಿನವರು ನಕ್ಕಾಗ ನಾವು ಬಾಯಿ ಮುಚ್ಚಿಕೊಳ್ಳುತ್ತೇವೆ. ಇಂಗ್ಲಿಷ್ ತಪ್ಪಾದರೆ ಅಳುತ್ತೇವೆ. ಎರಡೂ ಬೇಡ. ಇಂಗ್ಲಿಷನ್ನು ಚೆನ್ನಾಗಿ ಕಲಿಯೋಣ, ಕಲಿತದ್ದನ್ನು ಕನ್ನಡಕ್ಕೆ ತರೋಣ. ನಾನಂತೂ ಇನ್ನು ಮುಂದೆ ಇಂಗ್ಲಿಷ್ ಪಾಠದ ಪದ್ಯವನ್ನು ಕಂಠಪಾಠ ಮಾಡುವ ಮೊದಲು ನಮ್ಮ ಮಾತಿನಲ್ಲಿ ಬರೆದು ನೋಡಬೇಕು ಅಂತ ಮಾಡಿದ್ದೇನೆ. ತಪ್ಪಾದರೆ ತಿದ್ದಲು ಗುರುಗಳಿದ್ದಾರೆ. ನೀವೂ ಬರೆಯಿರಿ. ಚಲೋ ಆದದ್ದನ್ನು ಮುಂದಿನ ಸಂಚಿಕೆಯಲ್ಲಿ ಇದೇ ಗೋಡೆಗೆ ಅಂಟಿಸೋಣ.

ಜೈ ಕನ್ನಡಾಂಬೆ.

ಹತ್ತನೆಯ ವರ್ಗದ ವಿದ್ಯಾರ್ಥಿ